ಕುಂಡದ ಆಲೂಗೆಡ್ಡೆಗೆ ಒಂದು ಹೊದಿಕೆ

ಮಿಯಾಪುರದ ನಮ್ಮ ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ



ತಾರಸಿ ತೋಟದ ಬಗ್ಗೆ ಮಾತಾಡಿ ಎಂದು ನನ್ನನ್ನು ಕೇಳಿದಾಗ ಟೊಮೇಟೊ, ಮೆಂತ್ಯ, ಕರಿಬೇವು ಅಂತ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹೆಚ್ಚು ಬಂದಿರುವ ಪ್ರಶ್ನೆ ಬೇರೆ. "ಮಗಳು ಚೀಲದಲ್ಲಿ ಆಲೂಗೆಡ್ಡೆ ಹಾಕಿದ್ದಾಳೆ, ರಾತ್ರಿ ಚೆನ್ನಾಗಿದ್ದ ಗಿಡ ಬೆಳಿಗ್ಗೆ ಕಪ್ಪಾಗಿದೆ, ಏನು ಮಾಡಬೇಕು?" ಈ ಮಗಳು ಇರುವುದು ಮಿಯಾಪುರದಲ್ಲಲ್ಲ. ಇಂಗ್ಲೆಂಡಿನಲ್ಲೋ, ಅಮೆರಿಕದಲ್ಲೋ, ಕೆನಡಾದಲ್ಲೋ ಇರುತ್ತಾಳೆ. ನಮ್ಮಲ್ಲಿ ಬಹಳ ಜನ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿಗೆ ಹೋಗಿ ಇರುವವರೇ. ಬಾಣಂತನಕ್ಕೆ, ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೆ ಹೋಗುತ್ತೇವೆ. ಚಳಿ ಸ್ವಲ್ಪ ಕಡಿಮೆಯಾಗಲಿ ಎಂದು ಮಾರ್ಚ್, ಏಪ್ರಿಲ್‌ನಲ್ಲಿ ವಿಮಾನ ಹತ್ತುತ್ತೇವೆ. ಆಲೂಗೆಡ್ಡೆ ನೆಡುವ ಕಾಲವೂ ಅಲ್ಲಿ ಅದೇ. ಅದಕ್ಕೇ ಇವತ್ತು ಇದೊಂದೇ ವಿಷಯ ಹೇಳುತ್ತೇನೆ: ಕುಂಡದಲ್ಲಿ, ಚೀಲದಲ್ಲಿ ಬೇಗ ನೆಟ್ಟ ಆಲೂಗೆಡ್ಡೆಯನ್ನು ಫ್ರಾಸ್ಟ್‌ನಿಂದ ಕಾಪಾಡುವುದು ಹೇಗೆ. ಮಿಯಾಪುರದ ತಾರಸಿಯವರಿಗೂ ಕೊನೆಗೆ ಒಂದಿಷ್ಟು ಹೇಳಲಿಕ್ಕಿದೆ.

ನಾನು ಹಾಸನ ಜಿಲ್ಲೆಯವಳು. ಆಲೂಗೆಡ್ಡೆ ನಮಗೆ ಬರೀ ತರಕಾರಿಯಲ್ಲ. ಅದು ಮದುವೆಯ ಖರ್ಚು, ಮಕ್ಕಳ ಫೀಸು, ಸಾಲದ ಕಂತು. ಜಲಂಧರ್‌ನಿಂದ ಲಾರಿಯಲ್ಲಿ ಬಿತ್ತನೆ ಗೆಡ್ಡೆ ಬರುತ್ತಿತ್ತು. ಮೇ ತಿಂಗಳಲ್ಲಿ ಮಳೆ ಬಿದ್ದ ಕೂಡಲೇ ನೆಡುವ ಗಡಿಬಿಡಿ. ಗೆಡ್ಡೆಯನ್ನು ಹೋಳು ಮಾಡುವ ಕೆಲಸ ಹೆಂಗಸರದು. ಪ್ರತಿ ಹೋಳಿಗೂ ಎರಡು ಕಣ್ಣಾದರೂ ಇರಬೇಕು ಎಂದು ನನಗೆ ಕಲಿಸಿದ್ದು ನನ್ನಜ್ಜಿ. ನಮ್ಮ ಕಡೆ ಬೆಳೆಗೆ ಶತ್ರು ಎಂದರೆ ಅಂಗಮಾರಿ ರೋಗ, ಅತಿಯಾದ ಮಳೆ, ಬಿದ್ದುಹೋಗುವ ಬೆಲೆ. ಚಳಿಯಿಂದ ಗಿಡ ಸಾಯುವುದನ್ನು ನಾನು ಊರಲ್ಲಿ ಕಂಡಿರಲಿಲ್ಲ. ದಿನಬಳಕೆಯ ಕನ್ನಡದಲ್ಲಿ ಫ್ರಾಸ್ಟ್‌ಗೆ ಒಂದು ಸರಿಯಾದ ಹೆಸರೂ ಇಲ್ಲ. ಇಬ್ಬನಿ ಇದೆ, ಮಂಜು ಇದೆ, ಹಿಮ ಇದೆ. ಫ್ರಾಸ್ಟ್ ಎಂದರೆ ಗಾಳಿಯ ತೇವ ಎಲೆಯ ಮೇಲೆ ಹನಿಯಾಗಿ ಕೂರದೆ ಬಿಳಿ ಹರಳಾಗಿ ಕೂರುವುದು. ಅದನ್ನು ಫ್ರಾಸ್ಟ್ ಎಂದೇ ಕರೆಯುತ್ತೇನೆ.

ನಮ್ಮ ನೆಂಟಸ್ತಿಕೆಯ ಜನ ಇದನ್ನು ಕಾಣದವರೇನಲ್ಲ. ನೀಲಗಿರಿಯ ಬಡಗರ ಮಾತು ಕನ್ನಡಕ್ಕೆ ಬಹಳ ಹತ್ತಿರ. ಊಟಿಯ ಸುತ್ತಮುತ್ತ ಅವರು ತಲೆಮಾರುಗಳಿಂದ ಆಲೂಗೆಡ್ಡೆ ಬೆಳೆಯುತ್ತಾ ಬಂದಿದ್ದಾರೆ. ಡಿಸೆಂಬರ್, ಜನವರಿಯಲ್ಲಿ ಊಟಿಯ ತಗ್ಗು ಬಯಲುಗಳಲ್ಲಿ ಬೆಳಗಿನ ಹೊತ್ತು ಹುಲ್ಲಿನ ಮೇಲೆ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಿರುತ್ತದೆ. ಅಲ್ಲಿನ ಸರ್ಕಾರಿ ಸಸ್ಯೋದ್ಯಾನದಲ್ಲಿ ಆ ದಿನಗಳಲ್ಲಿ ಎಳೆಯ ಗಿಡಗಳಿಗೆ ಹೊದಿಕೆ ಹಾಕುತ್ತಾರೆ. ಪ್ರವಾಸಕ್ಕೆ ಹೋದವರು ನೋಡಿರುತ್ತೀರಿ.

ಆಲೂಗೆಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಸಾಲು. ಪೆರು, ಬೊಲಿವಿಯ ದೇಶಗಳ ಎತ್ತರದ ಊರುಗಳಲ್ಲಿ ಜನ ಫ್ರಾಸ್ಟನ್ನೇ ದುಡಿಸಿಕೊಂಡಿದ್ದಾರೆ. ಅಗೆದ ಗೆಡ್ಡೆಯನ್ನು ಚಳಿಗಾಲದ ರಾತ್ರಿ ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸುತ್ತಾರೆ, ಹಗಲು ಕಾಲಲ್ಲಿ ತುಳಿದು ನೀರು ತೆಗೆಯುತ್ತಾರೆ, ಮತ್ತೆ ಬಿಸಿಲಿಗೆ ಒಣಗಿಸುತ್ತಾರೆ. ಚುನ್ಯೊ ಎಂದು ಅದರ ಹೆಸರು. ವರ್ಷಗಟ್ಟಲೆ ಕೆಡುವುದಿಲ್ಲ. ನಾವು ಬೇಸಿಗೆಯ ಬಿಸಿಲಲ್ಲಿ ಸಂಡಿಗೆ ಇಟ್ಟ ಹಾಗೆ ಅವರು ಚಳಿಯಲ್ಲಿ ಇಡುತ್ತಾರೆ. ಆದರೆ ಅದು ಅಗೆದ ಗೆಡ್ಡೆಯ ಮಾತು. ಬೆಳೆಯುತ್ತಿರುವ ಗಿಡದ ಎಲೆ ಮಾತ್ರ ಬಲು ಸೂಕ್ಷ್ಮ. ಉಷ್ಣತೆ ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಸಾಕು, ಎಲೆಯೊಳಗಿನ ನೀರು ಗಟ್ಟಿಯಾಗಿ ಜೀವಕೋಶ ಒಡೆಯುತ್ತದೆ. ಬಿಸಿಲು ಬಿದ್ದ ಮೇಲೆ ಎಲೆ ಬೇಯಿಸಿದ ಸೊಪ್ಪಿನಂತೆ ಜೋತುಬೀಳುತ್ತದೆ, ಆಮೇಲೆ ಕಪ್ಪಾಗುತ್ತದೆ.

ಯಾವ ರಾತ್ರಿ ಅಪಾಯ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ. ಹಗಲೆಲ್ಲ ಬಿಸಿಲು ಕುಡಿದ ನೆಲ ರಾತ್ರಿ ಆ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಮೋಡ ಇದ್ದರೆ ಅದೇ ಒಂದು ಮುಚ್ಚಳ. ಗಾಳಿ ಬೀಸುತ್ತಿದ್ದರೆ ಮೇಲಿನ ಬೆಚ್ಚನೆಯ ಗಾಳಿ ಕೆಳಗಿನದರ ಜೊತೆ ಬೆರೆಯುತ್ತದೆ. ಮೋಡವಿಲ್ಲ, ಗಾಳಿಯಿಲ್ಲ, ನಕ್ಷತ್ರ ಫಳಫಳ ಹೊಳೆಯುತ್ತಿದೆ ಎಂದರೆ ಆ ರಾತ್ರಿ ಹುಷಾರಾಗಿರಬೇಕು. ಫೋನಿನಲ್ಲಿ ಮೂರು ಡಿಗ್ರಿ ಅಂತ ತೋರಿಸುತ್ತದೆ, ಸೊನ್ನೆಯಾಗಿಲ್ಲವಲ್ಲ ಎಂದು ಸುಮ್ಮನಾಗಬೇಡಿ. ಹವಾಮಾನದವರು ಅಳೆಯುವುದು ನೆಲದಿಂದ ಹೆಚ್ಚುಕಮ್ಮಿ ಒಬ್ಬ ಮನುಷ್ಯನ ಎದೆಯೆತ್ತರದಲ್ಲಿ. ಅಂಥ ರಾತ್ರಿ ನೆಲದ ಮಟ್ಟದಲ್ಲಿ ಅದಕ್ಕಿಂತ ತಣ್ಣಗಿರುತ್ತದೆ. ನಾಲ್ಕು ಡಿಗ್ರಿ ಎಂದು ಕಂಡರೂ, ಆಕಾಶ ತಿಳಿಯಾಗಿದ್ದರೆ, ಮುಚ್ಚಿಬಿಡಿ. ತಣ್ಣನೆಯ ಗಾಳಿ ಭಾರ, ನೀರಿನಂತೆ ತಗ್ಗಿಗೆ ಹರಿಯುತ್ತದೆ. ಹಾಗಾಗಿ ಹಿತ್ತಲಿನ ತಗ್ಗು ಮೂಲೆ ಕುಂಡ ಇಡುವ ಜಾಗವಲ್ಲ.

ಈಗ ಮಾಡಬೇಕಾದ ಕೆಲಸಗಳು.

ಮೊದಲನೆಯದು, ನೆಡುವ ಕ್ರಮ. ಇಂಗ್ಲೆಂಡಿನಲ್ಲಿ ಬೇಗ ಬರುವ ತಳಿಗಳಿವೆ, ರಾಕೆಟ್, ಸ್ವಿಫ್ಟ್ ಮುಂತಾದವು. ನೆಟ್ಟು ಹತ್ತು ಹನ್ನೆರಡು ವಾರಕ್ಕೆ ಎಳೆಗೆಡ್ಡೆ ಸಿಗುತ್ತದೆ. ಜನವರಿ ಕೊನೆ, ಫೆಬ್ರವರಿಯಲ್ಲಿ ಗೆಡ್ಡೆಗಳನ್ನು ಮೊಟ್ಟೆಯ ಟ್ರೇಯಲ್ಲಿ, ಕಣ್ಣು ಮೇಲಾಗಿ, ಬೆಳಕಿರುವ ತಂಪು ಜಾಗದಲ್ಲಿಟ್ಟು ಮೊಳಕೆ ಬರಿಸಿಕೊಳ್ಳುತ್ತಾರೆ. ಮಾರ್ಚ್‌ನಲ್ಲಿ ನೆಡುತ್ತಾರೆ. ಅಲ್ಲಿನ ಬಹಳ ಕಡೆ ಮೇ ತಿಂಗಳ ಮಧ್ಯದವರೆಗೂ ಫ್ರಾಸ್ಟ್ ಬೀಳಬಹುದು, ಉತ್ತರದ ಊರುಗಳಲ್ಲಿ ಇನ್ನೂ ತಡವಾಗಿ. ಅಂದರೆ ಬೇಗ ನೆಟ್ಟವರು ಆರೇಳು ವಾರ ಕಾವಲು ಕಾಯಲೇಬೇಕು. ನಲವತ್ತು ಲೀಟರಿನ ಚೀಲಕ್ಕೆ ಮೂರು ಗೆಡ್ಡೆ ಸಾಕು. ಆ ಚಳಿ ಮಣ್ಣಿಗೆ ನಮ್ಮಂತೆ ಹೋಳು ಮಾಡಿ ಹಾಕಬೇಡಿ, ಕೊಳೆಯುತ್ತದೆ. ಇಡಿಯಾಗಿ ಹಾಕಿ.

ಎರಡನೆಯದು, ಮಣ್ಣು ಏರಿಸುವುದು. ಚೀಲದ ಮೂರನೇ ಒಂದು ಭಾಗ ಮಾತ್ರ ಮಣ್ಣು ತುಂಬಿ ನೆಡಿ. ಚೀಲದ ಅಂಚನ್ನು ಕೆಳಗೆ ಮಡಚಿಟ್ಟುಕೊಳ್ಳಿ. ಮೊಳಕೆ ಒಂದು ಗೇಣು ಬಂದ ಹಾಗೆ ತುದಿಯ ಎಲೆಯಷ್ಟೇ ಕಾಣುವಂತೆ ಮತ್ತೆ ಮಣ್ಣು ಸುರಿಯಿರಿ, ಅಂಚು ಬಿಚ್ಚುತ್ತಾ ಹೋಗಿ. ಮಣ್ಣಿಗಿಂತ ಒಳ್ಳೆಯ ಹೊದಿಕೆ ಇಲ್ಲ. ಅದರೊಳಗಿರುವ ಕಾಂಡ ಫ್ರಾಸ್ಟ್‌ನಿಂದ ಬಚಾವು. ಗೆಡ್ಡೆ ಕಟ್ಟುವುದೂ ಅಲ್ಲೇ. ಮೊಳಕೆ ಇನ್ನೂ ಎರಡು ಬೆರಳು ಇರುವಾಗಲೇ ಫ್ರಾಸ್ಟ್ ಸುದ್ದಿ ಬಂದರೆ ಪೂರ್ತಿ ಮಣ್ಣಲ್ಲಿ ಮುಚ್ಚಿಬಿಡಿ, ತಾನಾಗಿ ಮೇಲೆ ಬರುತ್ತದೆ.

ಮೂರನೆಯದು, ಜಾಗ. ನೆಲದಲ್ಲಿರುವ ಗಿಡಕ್ಕೆ ಕೆಳಗಿನಿಂದ ಭೂಮಿಯ ಶಾಖ ಸಿಗುತ್ತದೆ. ಚೀಲಕ್ಕೆ ಆ ಭಾಗ್ಯವಿಲ್ಲ, ನಾಲ್ಕೂ ಬದಿಯಿಂದ ತಣ್ಣಗಾಗುತ್ತದೆ. ಆದರೆ ಚೀಲವನ್ನು ಸರಿಸಬಹುದು, ನೆಲವನ್ನು ಸರಿಸಲಾಗದು. ಸಂಜೆ ಮನೆಯ ಗೋಡೆಗೆ ಒರಗಿಸಿ, ಒಂದಕ್ಕೊಂದು ತಾಗಿಸಿ ಇಡಿ. ಹಗಲು ಬಿಸಿಯಾದ ಇಟ್ಟಿಗೆ ಗೋಡೆ ರಾತ್ರಿ ನಿಧಾನಕ್ಕೆ ಶಾಖ ಬಿಡುತ್ತದೆ. ಗ್ಯಾರೇಜ್ ಇದ್ದರೆ ಒಳಗೇ ತನ್ನಿ. ಒಂದು ಮಾತು: ಒದ್ದೆ ಮಣ್ಣಿನ ಚೀಲ ಮಣಭಾರ. ನಮ್ಮ ಮಂಡಿಗೂ ಬೇಡ, ಸಿಸೇರಿಯನ್ ಆದ ಹುಡುಗಿಗಂತೂ ಬೇಡವೇ ಬೇಡ. ನೆಡುವ ಮೊದಲೇ ಚಕ್ರದ ಮಣೆಯ ಮೇಲಿಟ್ಟು ನೆಡಿ, ಇಲ್ಲವೇ ಅಳಿಯನನ್ನು ಕರೆಯಿರಿ.

ನಾಲ್ಕನೆಯದು, ಹೊದಿಕೆ. ಅಲ್ಲಿ ತೋಟದ ಅಂಗಡಿಯಲ್ಲಿ ಫ್ಲೀಸ್ ಎಂದು ತೆಳ್ಳನೆಯ ಬಿಳಿ ಬಟ್ಟೆ ಸಿಗುತ್ತದೆ. ಅದಿಲ್ಲದಿದ್ದರೆ ಹಳೆಯ ಹತ್ತಿ ಸೀರೆ, ಬೆಡ್‌ಶೀಟ್, ದಿನಪತ್ರಿಕೆಯ ಹಾಳೆ ಏನಾದರೂ ಆದೀತು. ಕೌದಿ ಬೇಡ, ತೇವಕ್ಕೆ ಭಾರವಾಗಿ ಗಿಡ ಮುರಿಯುತ್ತದೆ. ನಾಲ್ಕು ಕೋಲು ಊರಿ, ಬಟ್ಟೆ ಎಲೆಗೆ ತಾಗದಂತೆ ಹೊದಿಸಿ, ಅಂಚು ನೆಲದವರೆಗೂ ಇಳಿದಿರಲಿ, ಮೇಲೆ ಕಲ್ಲಿಡಿ. ಹೊದಿಕೆ ಶಾಖ ಹುಟ್ಟಿಸುವುದಿಲ್ಲ, ಮಣ್ಣಿನಿಂದ ಏಳುವ ಶಾಖವನ್ನು ಹಿಡಿದಿಡುತ್ತದೆ ಅಷ್ಟೆ. ಗಿಡದ ತಲೆಗೆ ಮಾತ್ರ ಟೋಪಿ ಹಾಕಿ ಕೆಳಗೆ ಬಿಟ್ಟರೆ ಉಪಯೋಗವಿಲ್ಲ. ಪ್ಲಾಸ್ಟಿಕ್ ಎಲೆಗೆ ತಾಗಿದ ಕಡೆಯೇ ಎಲೆ ಸುಡುತ್ತದೆ. ಸೂರ್ಯ ಮುಳುಗುವ ಮೊದಲೇ ಹೊದಿಸಿ. ಕತ್ತಲಾದ ಮೇಲೆ ನೆಲ ಶಾಖವನ್ನು ಆಗಲೇ ಕಳೆದುಕೊಂಡಿರುತ್ತದೆ.

ಐದನೆಯದು, ನೀರು. ಒಣಮಣ್ಣಿಗಿಂತ ತೇವದ ಮಣ್ಣು ಹೆಚ್ಚು ಶಾಖ ಹಿಡಿದುಕೊಳ್ಳುತ್ತದೆ. ಹಾಗೆಂದು ಸಂಜೆ ಎಲೆಯ ಮೇಲೆ ಸುರಿಯಬೇಡಿ. ಬೆಳಿಗ್ಗೆ ಬುಡಕ್ಕೆ ಕೊಡಿ.

ಆರನೆಯದನ್ನು ಬಹಳ ಜನ ಮರೆಯುತ್ತಾರೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊದಿಕೆ ತೆಗೆಯಲೇಬೇಕು. ಹೋಗಲಿ ಇರಲಿ ಎಂದು ದಿನಗಟ್ಟಲೆ ಬಿಟ್ಟರೆ ಒಳಗೆ ತೇವ ನಿಲ್ಲುತ್ತದೆ. ತಂಪು ಹವೆ, ಒದ್ದೆ ಎಲೆ ಎರಡೂ ಸೇರಿದರೆ ಅಂಗಮಾರಿಗೆ ಔತಣ. ಹಾಸನದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1845ರಲ್ಲಿ ಐರ್ಲೆಂಡಿನಲ್ಲಿ ಶುರುವಾದ ದೊಡ್ಡ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಸುಮಾರು ಹತ್ತು ಲಕ್ಷ ಜನ ಸತ್ತರು, ಅಷ್ಟೇ ಜನ ಊರು ಬಿಟ್ಟರು.

ಇಷ್ಟೆಲ್ಲ ಮಾಡಿಯೂ ಗಿಡ ಕಪ್ಪಾದರೆ? ಗುಂಪಿನಲ್ಲಿ ಬಂದ ಪ್ರಶ್ನೆ ಅದೇ ಆದ್ದರಿಂದ ನನ್ನ ಮಗಳ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಅವಳು ಇರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಏಪ್ರಿಲ್ ಕೊನೆಯಲ್ಲಿ ಹೆರಿಗೆ. ಮಾರ್ಚ್‌ನಲ್ಲಿ ತುಂಬಿದ ಹೊಟ್ಟೆಯಲ್ಲೇ ಕೂತು ಮೂರು ಚೀಲದಲ್ಲಿ ಆಲೂಗೆಡ್ಡೆ ನೆಟ್ಟಿದ್ದಳು. ನಾನು ಹೋದಾಗ ಒಂದು ಮೊಳ ಬಂದಿದ್ದವು. ಎರಡು ಚೀಲ ಅಡುಗೆಮನೆಯ ಹೊರಗೋಡೆಗೆ ಒರಗಿದ್ದವು, ಒಂದು ಬೇಲಿಯ ಪಕ್ಕ ಬಯಲಲ್ಲಿತ್ತು. ಮೇ ತಿಂಗಳ ಎರಡನೇ ವಾರ ಒಂದು ರಾತ್ರಿ ಆಕಾಶ ತಿಳಿಯಾಯಿತು. ಮನೆಯಲ್ಲಿ ಆ ಹೊತ್ತಿಗೆ ಯಾರಿಗೆ ಆಲೂಗೆಡ್ಡೆಯ ಜ್ಞಾಪಕ ಇರುತ್ತದೆ ಹೇಳಿ, ಮಗುವಿಗೆ ಎರಡು ವಾರ. ಬೆಳಿಗ್ಗೆ ನೋಡಿದರೆ ಗೋಡೆಯ ಪಕ್ಕದ ಎರಡರಲ್ಲಿ ತುದಿ ಎಲೆ ಮಾತ್ರ ಬಾಡಿತ್ತು. ಬೇಲಿಯ ಪಕ್ಕದ್ದು ಪೂರಾ ಕರಕಲು.

ಮಗಳು ಕಿಟಕಿಯಿಂದ ಅದನ್ನು ನೋಡಿ ಅತ್ತಳು. "ನನ್ನ ಕೈಯಲ್ಲಿ ಏನೂ ನೆಟ್ಟಗೆ ಆಗಲ್ಲಮ್ಮ, ಅದನ್ನು ಕಿತ್ತು ಎಸೆದುಬಿಡು" ಅಂದಳು. ಹಾಲು ಸಾಲುತ್ತಿಲ್ಲ ಎಂಬ ಚಿಂತೆ, ನಿದ್ದೆ ಇಲ್ಲ, ಹೊರಗೆ ಯಾರ ಪರಿಚಯವೂ ಇಲ್ಲ. ಅದು ಆಲೂಗೆಡ್ಡೆಯ ಅಳುವಲ್ಲ ಎಂದು ನನಗೆ ಗೊತ್ತಾಯಿತು. ನಾನು ಚೀಲದ ಬದಿಯಲ್ಲಿ ಕೈ ಹಾಕಿ ನಿಧಾನಕ್ಕೆ ಮಣ್ಣು ಕೆದಕಿದೆ. ಒಂದು ಗೇಣು ಕೆಳಗೆ ಕಾಂಡ ಬಿಳಿಯಾಗಿ ಗಟ್ಟಿಯಾಗಿತ್ತು. ತಾಯಿಗೆಡ್ಡೆಯನ್ನು ಒತ್ತಿ ನೋಡಿದೆ, ಅದೂ ಗಟ್ಟಿ. "ಇದನ್ನು ಕೀಳೋದಿಲ್ಲ, ಹತ್ತು ದಿನ ಬಿಡು" ಅಂದೆ. ಚೀಲವನ್ನು ಗೋಡೆಯ ಪಕ್ಕಕ್ಕೆ ಎಳೆಸಿದೆವು. ಗೊಬ್ಬರ ಹಾಕಲಿಲ್ಲ. ಜಾಸ್ತಿ ನೀರೂ ಹಾಕಲಿಲ್ಲ. ಹನ್ನೆರಡನೇ ದಿನ ಮಣ್ಣಿನ ಮಟ್ಟದಲ್ಲಿ ನಾಲ್ಕು ಹಸಿರು ಮೊಗ್ಗು ಕಂಡವು.

ಆಲೂಗೆಡ್ಡೆಯ ಗುಣವೇ ಅದು. ಮಣ್ಣೊಳಗಿನ ಕಾಂಡದ ಪ್ರತಿ ಗಿಣ್ಣಿನಲ್ಲೂ ಒಂದು ಮೊಗ್ಗು ಕಾದಿರುತ್ತದೆ, ತಾಯಿಗೆಡ್ಡೆಯ ಕಣ್ಣುಗಳಲ್ಲೂ ಇರುತ್ತದೆ. ಮೇಲಿನದು ಸುಟ್ಟುಹೋದರೆ ಕೆಳಗಿನದು ಹೊರಡುತ್ತದೆ. ಬೆಳೆ ಎರಡು ಮೂರು ವಾರ ತಡವಾಗುತ್ತದೆ, ಇಳುವರಿ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಕಪ್ಪಾದ ಗಿಡವನ್ನು ಅವಸರಪಟ್ಟು ಕೀಳಬೇಡಿ. ಹೊಸ ಚಿಗುರು ಬಂದ ಮೇಲೆ ಒಣಗಿದ್ದನ್ನು ಕತ್ತರಿಸಿ ತೆಗೆಯಿರಿ, ಆಮೇಲೆ ಸ್ವಲ್ಪ ಗೊಬ್ಬರ ಕೊಡಿ. ಗೆಡ್ಡೆಯೇ ಮೆತ್ತಗಾಗಿ ವಾಸನೆ ಬರುತ್ತಿದ್ದರೆ ಮಾತ್ರ ಕಿತ್ತು ಹಾಕಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹೆರಿಗೆಯಾದ ಮೊದಲ ದಿನಗಳಲ್ಲಿ ಸುಮ್ಮಸುಮ್ಮನೆ ಅಳು ಬರುವುದು ಸಾಮಾನ್ಯ. ಆದರೆ ಎರಡು ವಾರ ಕಳೆದರೂ ಅಳು ನಿಲ್ಲದಿದ್ದರೆ, ಮಗು ಮಲಗಿದ್ದರೂ ತನಗೆ ನಿದ್ದೆ ಬಾರದಿದ್ದರೆ, ನನ್ನಿಂದ ಏನೂ ಆಗದು ಎಂಬ ಮಾತು ಮತ್ತೆ ಮತ್ತೆ ಬಂದರೆ ವೈದ್ಯರಿಗೆ ತಿಳಿಸಬೇಕು. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. "ನಾವೆಲ್ಲ ಹೆತ್ತಿಲ್ಲವೇ" ಎಂದು ನಾವು ಅಮ್ಮಂದಿರು ಹೇಳಬಾರದು. ನನ್ನ ಮಗಳ ಮನೆಗೆ ಮಗುವನ್ನು ನೋಡಲು ಬರುತ್ತಿದ್ದ ದಾದಿ ಮೊದಲ ಭೇಟಿಯಲ್ಲೇ ಅವಳನ್ನು ಈ ಪ್ರಶ್ನೆಗಳನ್ನೆಲ್ಲ ಕೇಳಿದರು. ಮುಂದಿನ ವಾರ ಅವಳೇ ವೈದ್ಯರ ಹತ್ತಿರ ಹೋದಳು. ಸುಧಾರಿಸಿಕೊಳ್ಳಲು ಕೆಲವು ತಿಂಗಳು ಬೇಕಾಯಿತು. ಆಲೂಗೆಡ್ಡೆ ಚಿಗುರಿದ್ದರಿಂದ ಸರಿಹೋಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಆದರೆ ದಿನಾ ಬೆಳಿಗ್ಗೆ ಮಗುವನ್ನು ಎತ್ತಿಕೊಂಡು ಹತ್ತು ನಿಮಿಷ ಹೊರಗೆ ಬಂದು ಚೀಲ ನೋಡುವುದಕ್ಕೆ ಒಂದು ನೆಪ ಸಿಕ್ಕಿತು. ಆ ಬೇಲಿಯ ಪಕ್ಕದ ಚೀಲದಿಂದ ಜುಲೈ ಕೊನೆಗೆ ಒಂದು ಹೊತ್ತಿನ ಪಲ್ಯಕ್ಕಾಗುವಷ್ಟು ಗೆಡ್ಡೆ ಬಂತು. ಉಳಿದ ಎರಡರಲ್ಲಿ ಅದಕ್ಕಿಂತ ಬಹಳ ಹೆಚ್ಚು.

ಈಗ ಮಿಯಾಪುರಕ್ಕೆ ಬರೋಣ. ಇಲ್ಲಿ ಫ್ರಾಸ್ಟ್ ಭಯ ಇಲ್ಲ. ಹೈದರಾಬಾದಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 1946ರ ಜನವರಿಯ 6.1 ಡಿಗ್ರಿ. ನಮ್ಮಿಂದ ಮುಂಬೈ ಹೆದ್ದಾರಿಯಲ್ಲಿ ಮುಂದೆ ಹೋದರೆ ಸಿಗುವ ಪಟಾನ್‌ಚೆರುವಿನಲ್ಲಿ, ಇಕ್ರಿಸ್ಯಾಟ್ ಇರುವ ಬಯಲಿನಲ್ಲಿ, ಊರೊಳಗಿಗಿಂತ ಚಳಿ ಹೆಚ್ಚು. ಕಟ್ಟಡ ಕಡಿಮೆ, ಬಯಲು ಹೆಚ್ಚು, ಶಾಖ ಬೇಗ ಆಕಾಶಕ್ಕೆ ಹೋಗುತ್ತದೆ. ಅದೇ ಹೆದ್ದಾರಿಯಲ್ಲಿ ಬೀದರ್ ಕಡೆಗೆ ಹೋಗುವವರು ಜಹೀರಾಬಾದ್ ಸುತ್ತಮುತ್ತ ಚಳಿಗಾಲದಲ್ಲಿ ಆಲೂಗೆಡ್ಡೆ ಹೊಲ ನೋಡಿರುತ್ತೀರಿ. ಆ ರೈತರು ಚಳಿಯಿಂದ ಬೆಳೆ ಕಾಪಾಡುವುದಿಲ್ಲ, ಚಳಿಯನ್ನು ಬಳಸಿಕೊಳ್ಳುತ್ತಾರೆ. ಗೆಡ್ಡೆ ಕಟ್ಟಲು ತಂಪು ರಾತ್ರಿ ಬೇಕು. ಹದಿನೈದರಿಂದ ಇಪ್ಪತ್ತು ಡಿಗ್ರಿ ಬಹಳ ಒಳ್ಳೆಯದು. ಮಣ್ಣು ಮೂವತ್ತರ ಹತ್ತಿರ ಹೋದರೆ ಗಿಡ ಹಸಿರಾಗಿ ಬೆಳೆದರೂ ಕೆಳಗೆ ಗೆಡ್ಡೆ ಕಟ್ಟುವುದಿಲ್ಲ.

ಆದ್ದರಿಂದ ಇಲ್ಲಿ ದೀಪಾವಳಿಯ ಆಸುಪಾಸಿನಲ್ಲಿ, ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದೊಳಗೆ ನೆಡಿ. ಜನವರಿ ಕೊನೆ, ಫೆಬ್ರವರಿ ಮೊದಲಲ್ಲಿ ಅಗೆಯಿರಿ. ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಯ ಬಿಸಿಲಿಗೆ ಕಾಯುತ್ತದೆ, ಸುತ್ತ ಗೋಣಿಚೀಲ ಅಥವಾ ಬಿಳಿ ಬಟ್ಟೆ ಸುತ್ತಿ. ನೇರ ಕಾಂಕ್ರೀಟಿನ ಮೇಲೆ ಇಡದೆ ಎರಡು ಇಟ್ಟಿಗೆಯ ಮೇಲಿಡಿ. ಮಣ್ಣಿನ ಮೇಲೆ ಒಣ ಎಲೆ, ತೆಂಗಿನ ನಾರು ಹರಡಿ. ಅಲ್ಲಿ ಶಾಖ ಉಳಿಸಲು ಹೊದಿಕೆ, ಇಲ್ಲಿ ತಂಪು ಉಳಿಸಲು ಹೊದಿಕೆ. ತಳಿ ಆರಿಸಿಕೊಳ್ಳುವ ಅವಕಾಶ ಸಿಕ್ಕರೆ ಕುಫ್ರಿ ಸೂರ್ಯ ಕೇಳಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಬಿಸಿ ತಡೆದುಕೊಳ್ಳಲೆಂದೇ ಬೆಳೆಸಿದ ತಳಿ ಅದು. ಫ್ರಾಸ್ಟ್ ತಡೆಯುವ ತಳಿಯನ್ನೂ ಅದೇ ಸಂಸ್ಥೆ 1968ರಲ್ಲಿ ಕೊಟ್ಟಿತ್ತು, ಕುಫ್ರಿ ಶೀತ್‌ಮಾನ್ ಎಂದು. ಯಾವ ಊರಿಗೆ ಯಾವುದು ಎಂಬುದು ಮುಖ್ಯ.

ಕೊನೆಯದಾಗಿ ಒಂದು ಎಚ್ಚರಿಕೆ, ಎರಡೂ ಊರಿಗೆ ಸೇರಿ. ಬೆಳಕು ಬಿದ್ದು ಹಸಿರಾದ ಗೆಡ್ಡೆ ವಿಷ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಅಲ್ಪಸ್ವಲ್ಪ ಹಸಿರಿದ್ದರೆ ದಪ್ಪಗೆ ಕೆತ್ತಿ ತೆಗೆಯಿರಿ, ಹೆಚ್ಚಿದ್ದರೆ, ಕಹಿಯಿದ್ದರೆ ಎಸೆಯಿರಿ. ಹೂವಿನ ನಂತರ ಸಣ್ಣ ಟೊಮೇಟೊದಂಥ ಹಸಿರು ಕಾಯಿ ಬಿಡುತ್ತದೆ. ಅದೂ ವಿಷ. ಮೊಮ್ಮಕ್ಕಳು ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ.

ಈ ವರ್ಷ ಮಕ್ಕಳ ಮನೆಗೆ ಹೊರಟವರು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಬಾಣಂತಿ ಲೇಹ್ಯದ ಜೊತೆ ಒಂದು ಹಳೆಯ ಹತ್ತಿ ಸೀರೆಯನ್ನೂ ಇಟ್ಟುಕೊಳ್ಳಿ. ಮಗುವಿಗೂ ಆಗುತ್ತದೆ, ಗಿಡಕ್ಕೂ ಆಗುತ್ತದೆ. ಇಲ್ಲೇ ಇರುವವರಿಗೆ ದೀಪಾವಳಿಗೆ ಮುಂಚೆ ಗುಂಪಿನಲ್ಲಿ ಜ್ಞಾಪಿಸುತ್ತೇನೆ. ಅಡುಗೆಮನೆಯ ಬುಟ್ಟಿಯಲ್ಲಿ ಮೊಳಕೆ ಬಂದ ಗೆಡ್ಡೆ ಇದ್ದರೆ ಎಸೆಯದೆ ಎತ್ತಿಡಿ.

 ಪ್ರಶ್ನೆಗಳಿದ್ದರೆ ಕಾಫಿ ಕುಡಿಯುತ್ತಾ ಮಾತಾಡೋಣ.